ತಂತಿ ಮುಟ್ಟಲಿಲ್ಲ, ಆದರೂ ಕೈ ಸುಟ್ಟಿತು



ಈ ತಿಂಗಳು ಅಡುಗೆಮನೆಯ ವಿಚಾರವಿಲ್ಲ, ಮಕ್ಕಳ ಓದಿನ ವಿಚಾರವೂ ಇಲ್ಲ. ನಮ್ಮ ಮನೆಯ ಗಂಡಸರು ಬೆಳಿಗ್ಗೆ ಬುತ್ತಿ ಹಿಡಿದು ಹೊರಟು ಹೋಗುತ್ತಾರಲ್ಲ, ಆ ಮಿಲ್ಲು, ಆ ಕಾರ್ಖಾನೆಗಳ ಒಳಗಿರುವ ಒಂದು ಅಪಾಯದ ಬಗ್ಗೆ ಬರೆಯುತ್ತಿದ್ದೇನೆ. "ಕರೆಂಟಿನ ವಿಚಾರ ನಮಗೇಕೆ?" ಎಂದು ಪುಟ ಮಗುಚಬೇಡಿ. ನಾನೂ ಹಾಗೆಯೇ ಅಂದುಕೊಂಡಿದ್ದೆ, ನಮ್ಮ ಪಕ್ಕದ ಬೀದಿಯ ಖಾಲಾ ಅವರ ಮಗನನ್ನು ಆಸ್ಪತ್ರೆಯಲ್ಲಿ ನೋಡುವವರೆಗೆ.

ಹುಡುಗನಿಗೆ ಇಪ್ಪತ್ಮೂರು ವರ್ಷ. ತಿಪಟೂರಿನ ಹೊರವಲಯದ ಒಂದು ನಾರಿನ ಮಿಲ್ಲಿನಲ್ಲಿ ಕೆಲಸ. ಹೆಸರಿಗೆ ಹೆಲ್ಪರ್, ಆದರೆ ಮೋಟಾರ್ ನಿಂತರೂ ಅವನೇ, ಬೆಲ್ಟ್ ತುಂಡಾದರೂ ಅವನೇ, ಫ್ಯೂಸ್ ಹೋದರೂ ಅವನೇ. ಮುಂಗಾರಿನ ಒಂದು ಸಂಜೆ ಗುಡುಗು ಮಳೆ ಬಂದು ಕರೆಂಟು ಹೋಯಿತು. ಮತ್ತೆ ಬಂದಾಗ ಒಂದು ಫೇಸ್ ಇರಲಿಲ್ಲ. ಮೋಟಾರ್ ತಿರುಗದೆ ಗುಂಯ್ ಎನ್ನುತ್ತಿತ್ತು. ಮಟ್ಟೆಯ ಲೋಡು ಬಂದು ಬಾಗಿಲಲ್ಲಿ ನಿಂತಿತ್ತು. "ಬೇಗ ನೋಡಪ್ಪಾ, ಮೇನ್ ಆಫ್ ಮಾಡಿದರೆ ಎಲ್ಲಾ ನಿಲ್ಲುತ್ತೆ" ಎಂದು ಹೇಳಿದರಂತೆ. ಹುಡುಗ ಪ್ಯಾನಲ್ ಬಾಗಿಲು ತೆಗೆದು ಸ್ಕ್ರೂಡ್ರೈವರ್ ಹಿಡಿದು ಒಳಗೆ ಬಗ್ಗಿದ. ಅಷ್ಟೇ. ಸಿಡಿಲು ಬಡಿದಂತೆ ಒಂದು ಬೆಳಕು, ಒಂದು ಸದ್ದು. ಎರಡೂ ಕೈ, ಕುತ್ತಿಗೆ, ಮುಖದ ಒಂದು ಭಾಗ ಸುಟ್ಟಿತ್ತು. ಹುಬ್ಬು, ರೆಪ್ಪೆ ಉಳಿದಿರಲಿಲ್ಲ.

ಎಲ್ಲಕ್ಕಿಂತ ಕೆಟ್ಟ ಗಾಯ ಮೊಣಕೈಯಿಂದ ಮೇಲಿತ್ತು. ಅಲ್ಲಿ ಅವನ ಅಂಗಿ ಕರಗಿ ಚರ್ಮಕ್ಕೆ ಅಂಟಿಕೊಂಡಿತ್ತು. ಆ ಅಂಗಿಯನ್ನು ಈದ್‌ಗೆಂದು ಖಾಲಾ ಅವರೇ ಬಿ.ಎಚ್. ರಸ್ತೆಯ ಅಂಗಡಿಯಲ್ಲಿ ಆರಿಸಿ ತಂದಿದ್ದರು. ಒಗೆದರೆ ಬೇಗ ಒಣಗುತ್ತದೆ, ಇಸ್ತ್ರಿ ಬೇಡ ಎಂದು ಹಬ್ಬ ಮುಗಿದ ಮೇಲೆ ಕೆಲಸಕ್ಕೂ ಹಾಕಿಕೊಂಡು ಹೋಗುತ್ತಿದ್ದ.

ಆಸ್ಪತ್ರೆಯ ವರಾಂಡದಲ್ಲಿ ಖಾಲಾ ನನ್ನ ಕೈ ಹಿಡಿದು ಒಂದೇ ಮಾತು ಕೇಳುತ್ತಿದ್ದರು: "ಅವನು ತಂತಿ ಮುಟ್ಟಲೇ ಇಲ್ಲವಂತೆ. ಶಾಕ್ ಹೊಡೆಯಲಿಲ್ಲವಂತೆ. ಮತ್ತೆ ಇದು ಹೇಗೆ ಸುಟ್ಟಿತು, ಬೇಟಿ?"

ನನಗೆ ಉತ್ತರ ಗೊತ್ತಿರಲಿಲ್ಲ. ಮನೆಗೆ ಬಂದು, ಎಲೆಕ್ಟ್ರಿಕಲ್ ಕೆಲಸದಲ್ಲೇ ಇರುವ ನನ್ನ ತಮ್ಮನನ್ನು ಕೇಳಿದೆ. ಅವನು ಹೇಳಿದ್ದನ್ನೂ, ಆಮೇಲೆ ನಾನು ಓದಿ ತಿಳಿದುಕೊಂಡದ್ದನ್ನೂ ನಿಮ್ಮ ಮುಂದೆ ಇಡುತ್ತಿದ್ದೇನೆ.

ಶಾಕ್ ಬೇರೆ, ಫ್ಲ್ಯಾಶ್ ಬೇರೆ

"ಆಪಾ, ಇದು ಶಾಕ್ ಅಲ್ಲ, ಫ್ಲ್ಯಾಶ್" ಎಂದ ತಮ್ಮ. ಲೈನ್‌ಮನ್‌ಗಳ ಬಾಯಲ್ಲಿ ಈ ಮಾತನ್ನು ನೀವೂ ಕೇಳಿರಬಹುದು. ಪುಸ್ತಕದಲ್ಲಿ ಇದಕ್ಕೆ ಆರ್ಕ್ ಫ್ಲ್ಯಾಶ್ ಎನ್ನುತ್ತಾರೆ.

ಶಾಕ್ ಎಂದರೆ ಕರೆಂಟು ನಮ್ಮ ಮೈಯೊಳಗೆ ಹರಿಯುವುದು. ಅದಕ್ಕೆ ತಂತಿಯನ್ನೋ, ತಂತಿ ತಗುಲಿದ ವಸ್ತುವನ್ನೋ ಮುಟ್ಟಬೇಕು. ಫ್ಲ್ಯಾಶ್ ಹಾಗಲ್ಲ. ಎರಡು ಫೇಸ್‌ಗಳ ನಡುವೆ, ಅಥವಾ ಫೇಸ್ ಮತ್ತು ಅರ್ತ್ ನಡುವೆ ಒಂದು ಸ್ಕ್ರೂಡ್ರೈವರ್ ತಗುಲಿದರೆ, ಒಂದು ನಟ್ಟು ಬಿದ್ದರೆ, ಒಂದು ಇಲಿ ಅಥವಾ ಹಲ್ಲಿ ಓಡಾಡಿದರೆ, ಕರೆಂಟು ಗಾಳಿಯಲ್ಲೇ ಹಾರುತ್ತದೆ. ಗಾಳಿಯೇ ಆ ಕ್ಷಣಕ್ಕೆ ತಂತಿಯಾಗಿಬಿಡುತ್ತದೆ. ವೆಲ್ಡಿಂಗ್ ಅಂಗಡಿಯ ಮುಂದೆ ಹೋಗುವಾಗ ಕಣ್ಣು ಕುಕ್ಕುವ ಬೆಳಕು ನೋಡಿದ್ದೀರಲ್ಲ? ಅದೂ ಇಂಥದ್ದೇ. ಆದರೆ ಅಲ್ಲಿ ಅದು ಕೆಲಸಗಾರನ ಹಿಡಿತದಲ್ಲಿದೆ, ಅವನ ಮುಖಕ್ಕೆ ಗುರಾಣಿಯಿದೆ. ಪ್ಯಾನಲ್ ಒಳಗೆ ಏಳುವ ಬೆಂಕಿಗೆ ಹಿಡಿತವಿಲ್ಲ.

ಆ ಬೆಂಕಿಯ ಶಾಖ ಎಷ್ಟು ಗೊತ್ತೇ? ಸೂರ್ಯನ ಮೇಲ್ಮೈಯ ಶಾಖ ಸುಮಾರು 5,500 ಡಿಗ್ರಿ ಸೆಲ್ಸಿಯಸ್. ಆರ್ಕ್‌ನ ಶಾಖ 19,000 ಡಿಗ್ರಿಯವರೆಗೂ ಏರಬಲ್ಲದು. ಆ ಶಾಖಕ್ಕೆ ತಾಮ್ರ ಕರಗುವುದಷ್ಟೇ ಅಲ್ಲ, ಆವಿಯಾಗಿಬಿಡುತ್ತದೆ. ತಾಮ್ರ ಆವಿಯಾದಾಗ ಸುಮಾರು 67,000 ಪಟ್ಟು ಹಿಗ್ಗುತ್ತದೆ ಎಂದು ಲೆಕ್ಕ ಹಾಕಿದ್ದಾರೆ. ಆದ್ದರಿಂದಲೇ ಬೆಂಕಿಯ ಜೊತೆಗೆ ಬಾಂಬಿನಂಥ ಸದ್ದು ಬರುತ್ತದೆ, ಮನುಷ್ಯ ಹಿಂದಕ್ಕೆ ಎಸೆಯಲ್ಪಡುತ್ತಾನೆ, ಕರಗಿದ ಲೋಹದ ಹನಿಗಳು ಮೈಮೇಲೆ ಸಿಡಿಯುತ್ತವೆ, ಕಿವಿಯ ತಮಟೆ ಹರಿಯುತ್ತದೆ, ಬೆಳಕಿಗೆ ಕಣ್ಣು ಕೆಡುತ್ತದೆ. ಇಷ್ಟೆಲ್ಲ ಕಣ್ಣು ಮುಚ್ಚಿ ತೆರೆಯುವುದರೊಳಗೆ ಮುಗಿದಿರುತ್ತದೆ. ಓಡಿಹೋಗಲು ಸಮಯವೇ ಇಲ್ಲ.

ಈ ಅಪಾಯವನ್ನು ಜಗತ್ತು ಅರಿತುಕೊಂಡದ್ದು ತೀರಾ ತಡವಾಗಿ. ನಮ್ಮ ನಾಡಿನ ಶಿವನಸಮುದ್ರದಲ್ಲಿ ವಿದ್ಯುತ್ ತಯಾರಾಗಿ ಕೋಲಾರದ ಚಿನ್ನದ ಗಣಿಗೆ ಹರಿದದ್ದು 1902ರಲ್ಲಿ. ಬೆಂಗಳೂರಿನ ಬೀದಿಗೆ ದೀಪ ಬಂದದ್ದು 1905ರಲ್ಲಿ. ಅಲ್ಲಿಂದ ದಶಕಗಳ ಕಾಲ ಎಲ್ಲೆಡೆ ಜನ ಶಾಕ್‌ಗೆ ಮಾತ್ರ ಹೆದರುತ್ತಿದ್ದರು. 1982ರಲ್ಲಿ ಅಮೆರಿಕದ ರಾಲ್ಫ್ ಲೀ ಎಂಬ ಇಂಜಿನಿಯರ್ ಒಂದು ಪ್ರಬಂಧ ಬರೆದು, ಮುಟ್ಟದೆಯೇ ಸುಡುವ ಈ ಇನ್ನೊಂದು ಅಪಾಯವನ್ನು ಲೆಕ್ಕಸಮೇತ ತೋರಿಸಿದರು. ಎಷ್ಟು ದೂರದಲ್ಲಿ ನಿಂತರೆ ಎಷ್ಟು ಸುಡುತ್ತದೆ ಎಂದು ಲೆಕ್ಕ ಹಾಕುವ ಅಂತಾರಾಷ್ಟ್ರೀಯ ಮಾರ್ಗದರ್ಶಿ 2002ರಲ್ಲಿ ಬಂತು, 2018ರಲ್ಲಿ ಪರಿಷ್ಕರಣೆಯಾಯಿತು. ದೊಡ್ಡ ದೊಡ್ಡ ಕಂಪೆನಿಗಳಲ್ಲಿ ಈಗ ಇದು ಪಾಠ. ನಮ್ಮ ಊರಿನ ಮಿಲ್ಲುಗಳಿಗೆ ಇನ್ನೂ ಬಂದಿಲ್ಲ.

ನಮ್ಮ ತೆಂಗಿನ ಸೀಮೆಯಲ್ಲಿ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಎಂದರೆ ಹೊರಗಿನವರಿಗೆ ನೆನಪಾಗುವುದು ತೆಂಗಿನ ತೋಟ, ಅಟ್ಟದ ಮೇಲೆ ತಿಂಗಳುಗಟ್ಟಲೆ ಒಣಗುವ ಉಂಡೆ ಕೊಬ್ಬರಿ. ಆದರೆ ಆ ಕಾಯಿಯ ಸುತ್ತ ಎಷ್ಟು ಯಂತ್ರಗಳಿವೆ ನೋಡಿ. ಮಟ್ಟೆಯಿಂದ ನಾರು ತೆಗೆಯುವ ಮಿಲ್ಲು, ಹಗ್ಗ ಹೊಸೆಯುವ ಘಟಕ, ಕಾಯಿಪುಡಿ ಕಾರ್ಖಾನೆ, ಎಣ್ಣೆ ಗಾಣ, ಕರಟ ಪುಡಿ ಮಾಡುವ ಯಂತ್ರ, ತೋಟದ ಬೋರ್‌ವೆಲ್ ಮೋಟಾರು. ಎಲ್ಲಕ್ಕೂ ಮೂರು ಫೇಸ್ ಕರೆಂಟು ಬೇಕು. ನಮ್ಮ ಹುಡುಗರಲ್ಲಿ ಎಷ್ಟೋ ಮಂದಿ ವೈರಿಂಗ್, ಮೋಟಾರ್ ರಿವೈಂಡಿಂಗ್, ಮೆಕ್ಯಾನಿಕ್ ಕೆಲಸದಲ್ಲಿದ್ದಾರೆ. ನಮ್ಮ ಹೆಂಗಸರೂ ಕಾಯಿಪುಡಿ ಕಾರ್ಖಾನೆಗಳಲ್ಲಿ ಸಿಪ್ಪೆ ಹೆರೆಯುವ ಕೆಲಸ ಮಾಡುತ್ತಾರೆ.

ಇಲ್ಲಿ ಅಪಾಯ ಹೆಚ್ಚಲು ಕೆಲವು ಕಾರಣಗಳಿವೆ.

ಮೊದಲನೆಯದು ನಾರಿನ ಪುಡಿ. ಮಿಲ್ಲಿನ ಒಳಗೆ ಅದು ಎಲ್ಲ ಕಡೆ ಹಾರುತ್ತದೆ, ಪ್ಯಾನಲ್ ಬಾಗಿಲಿನ ಸಂದಿಯಲ್ಲೂ ನುಗ್ಗುತ್ತದೆ. ನಾರಿನ ಪುಡಿ ನೀರನ್ನು ಹೀರಿ ಹಿಡಿದಿಟ್ಟುಕೊಳ್ಳುವುದರಲ್ಲಿ ಎತ್ತಿದ ಕೈ. ಅದಕ್ಕೇ ನರ್ಸರಿಯವರು ಅದನ್ನು ಕೊಳ್ಳುತ್ತಾರೆ. ಅದರಲ್ಲಿ ಲವಣದ ಅಂಶವೂ ಇದೆ. ಒಣಗಿದ್ದಾಗ ಅದು ಬೆಂಕಿಗೆ ಮೇವು, ಒದ್ದೆಯಾದಾಗ ಕರೆಂಟಿಗೆ ದಾರಿ. ಎರಡೂ ಕಡೆಯಿಂದ ಕೆಡುಕೇ.

ಎರಡನೆಯದು ನೀರು ಮತ್ತು ಹಬೆ. ಕಾಯಿಪುಡಿ ಕಾರ್ಖಾನೆಯಲ್ಲಿ ತೊಳೆಯುವುದು, ಬೇಯಿಸುವುದು, ಒಣಗಿಸುವುದು ನಡೆಯುತ್ತಲೇ ಇರುತ್ತದೆ. ನೆಲ ತೊಳೆಯುವ ಪೈಪಿನ ನೀರು ಪ್ಯಾನಲ್‌ಗೂ ಚಿಮ್ಮುತ್ತದೆ.

ಮೂರನೆಯದು ಇಲಿ. ಕೊಬ್ಬರಿಯ ವಾಸನೆ ಇದ್ದಲ್ಲಿ ಇಲಿ ಇದ್ದೇ ಇದೆ. ತಂತಿಯ ಮೇಲಿನ ರಬ್ಬರ್ ಕಡಿಯುವುದು ಅದಕ್ಕೆ ಹೊಸದಲ್ಲ.

ನಾಲ್ಕನೆಯದು ಎಲ್ಲಕ್ಕಿಂತ ದೊಡ್ಡದು, ನಾವೇ ಮಾಡಿಕೊಂಡದ್ದು. ಫ್ಯೂಸ್ ಪದೇ ಪದೇ ಹೋಗುತ್ತದೆ ಎಂದು ಅದರ ಜಾಗದಲ್ಲಿ ದಪ್ಪ ತಾಮ್ರದ ತಂತಿ ಸುತ್ತುವ ಅಭ್ಯಾಸ. "ಈಗ ಹೋಗಲಿ ನೋಡೋಣ" ಎಂದು ಹೆಮ್ಮೆಯಿಂದ ಹೇಳುವವರೂ ಇದ್ದಾರೆ. ಫ್ಯೂಸ್ ಇರುವುದೇ ಹೋಗಲಿಕ್ಕೆ. ಫ್ಲ್ಯಾಶ್ ಎಷ್ಟು ಸುಡುತ್ತದೆ ಎನ್ನುವುದು ಮೂರು ವಿಚಾರದ ಮೇಲಿದೆ: ಎಷ್ಟು ಕರೆಂಟು ಹರಿಯಿತು, ಎಷ್ಟು ಹೊತ್ತು ಹರಿಯಿತು, ಮನುಷ್ಯ ಎಷ್ಟು ಹತ್ತಿರವಿದ್ದ. ಸರಿಯಾದ ಫ್ಯೂಸ್ ಅಥವಾ ಬ್ರೇಕರ್ ಇದ್ದರೆ ಬೆಂಕಿ ಸೆಕೆಂಡಿನ ಒಂದು ಸಣ್ಣ ಪಾಲಿನಲ್ಲಿ ಕಡಿದುಹೋಗುತ್ತದೆ. ಹೊತ್ತು ಅರ್ಧವಾದರೆ ಸುಡುವ ಶಕ್ತಿಯೂ ಅರ್ಧ. ದಪ್ಪ ತಂತಿ ಹಾಕಿದಾಗ ಅದು ಕಡಿಯುವುದೇ ಇಲ್ಲ, ಸುಡುತ್ತಲೇ ಇರುತ್ತದೆ.

"ನಮ್ಮದು ಸಣ್ಣ ಮಿಲ್ಲು, ಸಣ್ಣ ಟಿ.ಸಿ., ಇದೆಲ್ಲ ದೊಡ್ಡ ಫ್ಯಾಕ್ಟರಿಗೆ" ಎನ್ನುವವರಿಗೆ ತಮ್ಮ ಒಂದು ಲೆಕ್ಕ ಹೇಳಿದ. 100 ಕೆ.ವಿ.ಎ. ಟಿ.ಸಿ. ಮಾಮೂಲಾಗಿ ಕೊಡಬಲ್ಲದ್ದು ಸುಮಾರು 133 ಆಂಪಿಯರ್. ಆದರೆ ಅದರ ಬಳಿಯೇ ಶಾರ್ಟ್ ಆದರೆ ಆ ಕ್ಷಣಕ್ಕೆ 3,000 ಆಂಪಿಯರ್‌ನಷ್ಟು ನುಗ್ಗಬಹುದು. ಟಿ.ಸಿ. 250 ಕೆ.ವಿ.ಎ. ಆದರೆ 7,000ವನ್ನೂ ದಾಟುತ್ತದೆ. ಟಿ.ಸಿ.ಗೆ ಹತ್ತಿರ ಇರುವ ಮಿಲ್ಲಿಗೇ ಅಪಾಯ ಹೆಚ್ಚು. ತೋಟದಲ್ಲಿ ರೈತರು ತಾವೇ ಟಿ.ಸಿ. ಫ್ಯೂಸ್ ಹಾಕಲು ಹೋಗುತ್ತಾರಲ್ಲ, ಅವರಿಗೂ ಇದೇ ಮಾತು. ಅದು ರೈತರ ಕೆಲಸವಲ್ಲ. 1912ಕ್ಕೆ ಫೋನ್ ಮಾಡಿ ಬೆಸ್ಕಾಂನವರನ್ನು ಕರೆಸಬೇಕು.

ಟಿ.ಸಿ. ದಾರಿಹೋಕರನ್ನೂ ಬಿಡುವುದಿಲ್ಲ. 2022ರ ಮಾರ್ಚ್‌ನಲ್ಲಿ ಬೆಂಗಳೂರಿನಲ್ಲಿ ರಸ್ತೆ ಬದಿಯ ಟ್ರಾನ್ಸ್‌ಫಾರ್ಮರ್ ಸಿಡಿದು, ಸ್ಕೂಟರಿನಲ್ಲಿ ಹೋಗುತ್ತಿದ್ದ ತಂದೆ ಮತ್ತು ಮಗಳು ಸುಟ್ಟು ತೀರಿಕೊಂಡರು. ಮಗಳ ಮದುವೆಯ ಸಿದ್ಧತೆಗೆ ಹೊರಟಿದ್ದವರು ಅವರು. 2020ರ ಆಗಸ್ಟ್ 20ರ ರಾತ್ರಿ ತೆಲಂಗಾಣದ ಶ್ರೀಶೈಲಂ ಭೂಗತ ವಿದ್ಯುದಾಗಾರದಲ್ಲಿ ಬೆಂಕಿ ಬಿದ್ದು 9 ಮಂದಿ ಪ್ರಾಣ ಬಿಟ್ಟರು. ಅವರಲ್ಲಿ ಇಂಜಿನಿಯರ್‌ಗಳೂ ಇದ್ದರು. ನಮ್ಮ ದೇಶದಲ್ಲಿ ಪ್ರತಿ ವರ್ಷ ಕರೆಂಟಿನಿಂದ ಸಾಯುವವರ ಸಂಖ್ಯೆ 10,000ಕ್ಕೂ ಮೀರುತ್ತದೆ ಎಂದು ಸರ್ಕಾರಿ ದಾಖಲೆಗಳೇ ಹೇಳುತ್ತವೆ. ಸಾಯದೆ ಕೈ ಕಳೆದುಕೊಂಡವರು, ಕಣ್ಣು ಕಳೆದುಕೊಂಡವರು ಈ ಲೆಕ್ಕಕ್ಕೆ ಬರುವುದಿಲ್ಲ. ನಮ್ಮ ಖಾಲಾ ಅವರ ಮಗ ಈ ಲೆಕ್ಕದಲ್ಲಿಲ್ಲ.

ಮೊದಲ ಮದ್ದು: ಆಫ್ ಮಾಡುವುದು

ತಪ್ಪಿಸುವುದು ಹೇಗೆ? ಕೈಗವಸು, ಟೋಪಿ, ಬಟ್ಟೆ ಎಲ್ಲ ಆಮೇಲಿನ ಮಾತು. ಮೊದಲನೆಯದು ಖರ್ಚಿಲ್ಲದ್ದು. ಕರೆಂಟು ಇರುವಾಗ ಪ್ಯಾನಲ್‌ಗೆ ಕೈ ಹಾಕಬಾರದು. ಲೈನ್‌ಮನ್ ಕಂಬ ಹತ್ತುವ ಮುಂಚೆ ಎಲ್.ಸಿ. ತೆಗೆದುಕೊಳ್ಳುತ್ತಾರೆ ಎಂದು ಕೇಳಿದ್ದೇವೆ. ಅಂದರೆ ಲೈನ್ ಬಂದ್ ಆಗಿದೆ ಎಂದು ಖಾತರಿ ಮಾಡಿಕೊಳ್ಳುತ್ತಾರೆ. ಮಿಲ್ಲಿನ ಒಳಗೂ ಅದೇ ಕ್ರಮ ಬೇಕು. ತಮ್ಮ ಹೇಳಿದ ಕ್ರಮ ಹೀಗಿದೆ:

ಒಂದು, ಮೇನ್ ಆಫ್ ಮಾಡಬೇಕು. ಜನರೇಟರ್ ಇದ್ದರೆ ಅದನ್ನೂ ಬಂದ್ ಮಾಡಬೇಕು.

ಎರಡು, ಆಫ್ ಮಾಡಿದ ಸ್ವಿಚ್‌ಗೆ ಬೀಗ ಹಾಕಿ, ಕೀಲಿಯನ್ನು ಕೆಲಸ ಮಾಡುವವನೇ ತನ್ನ ಜೇಬಿನಲ್ಲಿ ಇಟ್ಟುಕೊಳ್ಳಬೇಕು. "ಕೆಲಸ ನಡೆಯುತ್ತಿದೆ" ಎಂಬ ಚೀಟಿ ತೂಗುಹಾಕಬೇಕು. ಒಳಗೆ ಒಬ್ಬ ಬಗ್ಗಿರುವಾಗ ಇನ್ನೊಬ್ಬ ಬಂದು ಗೊತ್ತಿಲ್ಲದೆ ಆನ್ ಮಾಡಿದ್ದರಿಂದ ಎಷ್ಟು ಮನೆ ಹಾಳಾಗಿವೆ! ಒಂದು ಬೀಗಕ್ಕೆ ನೂರಿನ್ನೂರು ರೂಪಾಯಿ.

ಮೂರು, ಕರೆಂಟು ನಿಜವಾಗಿ ಹೋಗಿದೆಯೇ ಎಂದು ಮೀಟರ್‌ನಿಂದ ಪರೀಕ್ಷಿಸಬೇಕು. ಜೇಬಿನಲ್ಲಿರುವ ದೀಪದ ಟೆಸ್ಟರ್ ನಂಬುವಂಥದ್ದಲ್ಲ. ಮೀಟರನ್ನು ಮೊದಲು ಕರೆಂಟು ಇರುವ ಕಡೆ ಹಿಡಿದು ಸರಿಯಿದೆ ಎಂದು ನೋಡಿ, ನಂತರ ಕೆಲಸದ ಜಾಗದಲ್ಲಿ ಹಿಡಿದು, ಮತ್ತೊಮ್ಮೆ ಕರೆಂಟು ಇರುವ ಕಡೆ ಹಿಡಿದು ನೋಡಬೇಕು.

ನಾಲ್ಕು, ಮಿಲ್ಲುಗಳಲ್ಲಿ ಮೋಟಾರಿಗೆ ಕೆಪಾಸಿಟರ್ ಹಾಕಿರುತ್ತಾರೆ. ಮೇನ್ ಆಫ್ ಮಾಡಿದ ಮೇಲೂ ಅದರಲ್ಲಿ ಕರೆಂಟು ಉಳಿದಿರುತ್ತದೆ. ಅದು ಪೂರ್ತಿ ಇಳಿಯುವವರೆಗೆ ಕಾದು, ಪರೀಕ್ಷಿಸಿ, ಅರ್ತ್ ಮಾಡಿಯೇ ಮುಟ್ಟಬೇಕು.

ಐದು, ಸ್ವಿಚ್ ಆನ್ ಮಾಡುವಾಗ ಪ್ಯಾನಲ್ ಬಾಗಿಲು ಮುಚ್ಚಿರಬೇಕು, ಎದುರಿಗೆ ನಿಲ್ಲಬಾರದು. ಪಕ್ಕಕ್ಕೆ ನಿಂತು, ಮುಖ ಆಚೆ ತಿರುಗಿಸಿ, ಕೈ ಚಾಚಿ ಹಾಕಬೇಕು. ಸಿಡಿದರೆ ಬಾಗಿಲಿನ ಎದುರಿಗೇ ಸಿಡಿಯುತ್ತದೆ. ಸುತ್ತ ಇರುವವರನ್ನೂ ದೂರ ಕಳಿಸಬೇಕು. ದೂರ ಹೆಚ್ಚಿದಷ್ಟೂ ಶಾಖ ಬೇಗ ಕಡಿಮೆಯಾಗುತ್ತದೆ.

ಇನ್ನು ಮಾಲೀಕರು ಮಾಡಬೇಕಾದದ್ದು: ಸರಿಯಾದ ಅಳತೆಯ ಫ್ಯೂಸ್ ಅಥವಾ ಬ್ರೇಕರ್, ಧೂಳು ನುಗ್ಗದ ಪ್ಯಾನಲ್, ಸಾಧ್ಯವಾದರೆ ಅದಕ್ಕೊಂದು ಪ್ರತ್ಯೇಕ ಕೋಣೆ. ಆಗಾಗ ಕರೆಂಟು ಬಂದ್ ಮಾಡಿ ಧೂಳು ತೆಗೆಸಿ, ಸಡಿಲವಾದ ನಟ್ಟುಗಳನ್ನು ಬಿಗಿ ಮಾಡಿಸಬೇಕು. ಸಡಿಲವಾದ ಜಾಯಿಂಟ್ ಬಿಸಿಯಾಗಿ, ಕಪ್ಪಾಗಿ, ಒಂದು ದಿನ ಸಿಡಿಯುತ್ತದೆ. ಪ್ಯಾನಲ್‌ನಿಂದ ಸುಟ್ಟ ವಾಸನೆ, ಚಿರ್ ಎನ್ನುವ ಸದ್ದು ಬಂದರೆ ಅದು ಎಚ್ಚರಿಕೆ.

ಕಾರ್ಖಾನೆಯಲ್ಲಿ ಕೆಲಸ ಮಾಡುವ ಸಹೋದರಿಯರಿಗೂ ಎರಡು ಮಾತು. ಪ್ಯಾನಲ್ ಮುಂದೆ ಚೀಲ ಪೇರಿಸಬೇಡಿ, ಅಲ್ಲಿ ಕೂತು ಊಟ ಮಾಡಬೇಡಿ, ಅದರ ಮೇಲೆ ಬಟ್ಟೆ ಒಣಹಾಕಬೇಡಿ. ನೆಲ ತೊಳೆಯುವಾಗ ನೀರು ಆ ಕಡೆ ಚಿಮ್ಮದಂತೆ ನೋಡಿಕೊಳ್ಳಿ. ಯಾರಾದರೂ ಅದರ ಬಾಗಿಲು ತೆರೆದು ಕೆಲಸ ಮಾಡುತ್ತಿದ್ದರೆ ನೋಡುತ್ತಾ ಹತ್ತಿರ ನಿಲ್ಲಬೇಡಿ.

ಬಟ್ಟೆಯ ವಿಚಾರ ನಮ್ಮ ಕೈಯಲ್ಲಿದೆ

ಮನೆಯಲ್ಲಿ ಬಟ್ಟೆ ಕೊಳ್ಳುವವರು, ಒಗೆಯುವವರು, ಬೆಳಿಗ್ಗೆ ತೆಗೆದು ಕೊಡುವವರು ಹೆಚ್ಚಾಗಿ ನಾವು. ಆದ್ದರಿಂದ ಈ ಮಾತನ್ನು ಗಮನವಿಟ್ಟು ಓದಿ. ಪಾಲಿಯೆಸ್ಟರ್, ನೈಲಾನ್ ಬಟ್ಟೆ ಶಾಖಕ್ಕೆ ಕರಗುತ್ತದೆ, ಕರಗಿ ಚರ್ಮಕ್ಕೆ ಅಂಟುತ್ತದೆ. ಗಾಯ ಆಳಕ್ಕೆ ಇಳಿಯುತ್ತದೆ. ಚರ್ಮದ ಒಂದು ಚದರ ಸೆಂಟಿಮೀಟರ್ ಜಾಗಕ್ಕೆ ಕೇವಲ 1.2 ಕ್ಯಾಲೊರಿ ಶಾಖ ತಗುಲಿದರೆ ಬೊಬ್ಬೆ ಏಳುವ ಗಾಯ ಆರಂಭವಾಗುತ್ತದೆ ಎಂದು ತಜ್ಞರು ಲೆಕ್ಕ ಹಾಕಿದ್ದಾರೆ. ಅದರ ಮೇಲೆ ಕರಗಿದ ಬಟ್ಟೆಯೂ ಸೇರಿದರೆ ಏನಾಗುತ್ತದೆ ಎಂದು ನಾನು ಕಣ್ಣಾರೆ ನೋಡಿದ್ದೇನೆ.

ಕರೆಂಟಿನ ಕೆಲಸ ಮಾಡುವ ಗಂಡ, ಮಗ, ತಮ್ಮನಿಗೆ ದಪ್ಪ ಹತ್ತಿಯ ತುಂಬುತೋಳಿನ ಅಂಗಿ, ಹತ್ತಿಯ ಪ್ಯಾಂಟು, ಹತ್ತಿಯ ಬನಿಯನ್ ಕೊಡಿ. ಉಂಗುರ, ವಾಚು, ಲೋಹದ ಸರ ಕೆಲಸದ ಹೊತ್ತಿನಲ್ಲಿ ಬೇಡ. ಹವಾಯಿ ಚಪ್ಪಲಿ ಬೇಡ, ಮುಚ್ಚಿದ ಬೂಟು ಬೇಕು. ಆದರೆ ತಪ್ಪು ತಿಳಿಯಬೇಡಿ. ಹತ್ತಿ ಕರಗುವುದಿಲ್ಲ ಎಂಬುದಷ್ಟೇ ಅದರ ಗುಣ, ಅದಕ್ಕೂ ಬೆಂಕಿ ಹೊತ್ತುತ್ತದೆ. ಹತ್ತಿ ಅಂಗಿ ತೊಟ್ಟೆನೆಂದು ಕರೆಂಟು ಇರುವ ಪ್ಯಾನಲ್‌ಗೆ ಕೈ ಹಾಕುವಂತಿಲ್ಲ.

ನಿಜವಾದ ರಕ್ಷಣೆಗೆ ಬೇರೆಯೇ ಬಟ್ಟೆ ಇದೆ. ಬೆಂಕಿ ಹೊತ್ತದ, ಆರ್ಕ್ ಪರೀಕ್ಷೆಯಲ್ಲಿ ಗೆದ್ದ ಬಟ್ಟೆ ಅದು. ಎಷ್ಟು ಕ್ಯಾಲೊರಿ ತಡೆಯುತ್ತದೆ ಎಂದು ಅದರ ಮೇಲೆ ಬರೆದಿರುತ್ತದೆ: 4, 8, 25, 40 ಹೀಗೆ. ಜೊತೆಗೆ ಮುಖ ಮುಚ್ಚುವ ಗುರಾಣಿ, ಕಿವಿಗೆ ರಕ್ಷಣೆ, ರಬ್ಬರ್ ಕೈಗವಸಿನ ಮೇಲೆ ಚರ್ಮದ ಕೈಗವಸು. ಇದನ್ನು ಕೊಡಿಸಬೇಕಾದವರು ಮಾಲೀಕರು, ಕೆಲಸಗಾರನ ಹೆಂಡತಿಯಲ್ಲ. ಪ್ಯಾನಲ್ ಮುಂದೆ ಹಾಸುವ ರಬ್ಬರ್ ಚಾಪೆ ಶಾಕ್‌ನಿಂದ ಕಾಪಾಡುತ್ತದೆ, ಫ್ಲ್ಯಾಶ್‌ನಿಂದ ಅಲ್ಲ. "ಚಾಪೆ ಹಾಕಿದ್ದೇವಲ್ಲ" ಎಂಬ ಉತ್ತರ ಸಾಲದು.

ಎಣ್ಣೆ ಹಚ್ಚಬೇಡಿ

ತೆಂಗಿನ ಸೀಮೆಯವರು ನಾವು. ಕೈ ಸುಟ್ಟರೆ ಮೊದಲು ಓಡುವುದು ಕೊಬ್ಬರಿ ಎಣ್ಣೆಯ ಬಾಟಲಿಗೆ. ಆ ಹುಡುಗನಿಗೂ ಮಿಲ್ಲಿನಲ್ಲಿ ಯಾರೋ ಎಣ್ಣೆ ಸುರಿದಿದ್ದರು. ಪ್ರೀತಿಯಿಂದಲೇ ಮಾಡಿದರು, ಆದರೆ ಅದು ತಪ್ಪು. ಎಣ್ಣೆ ಶಾಖವನ್ನು ಒಳಗೇ ಹಿಡಿದಿಡುತ್ತದೆ. ಟೂತ್‌ಪೇಸ್ಟ್, ಇಂಕು, ಕಾಫಿಪುಡಿ, ಅರಿಶಿನ, ಮಂಜುಗಡ್ಡೆ ಯಾವುದೂ ಬೇಡ.

ಮೊದಲು ಕರೆಂಟು ಆಫ್ ಆಗಿದೆ ಎಂದು ಖಾತರಿ ಮಾಡಿಕೊಂಡೇ ಗಾಯಾಳುವಿನ ಹತ್ತಿರ ಹೋಗಿ. ಬಟ್ಟೆಗೆ ಬೆಂಕಿ ಹೊತ್ತಿದ್ದರೆ ನೆಲಕ್ಕೆ ಮಲಗಿಸಿ, ಕಂಬಳಿ ಅಥವಾ ದಪ್ಪ ಹತ್ತಿ ಬಟ್ಟೆ ಹೊದಿಸಿ ಆರಿಸಿ. ಉಸಿರಿಲ್ಲದಿದ್ದರೆ, ತಿಳಿದವರು ಎದೆ ಒತ್ತುವುದನ್ನು ತಕ್ಷಣ ಆರಂಭಿಸಲಿ. 108ಕ್ಕೆ ಫೋನ್ ಮಾಡಿಸಿ. ಸುಟ್ಟ ಜಾಗದ ಮೇಲೆ ತಣ್ಣನೆಯ ನಲ್ಲಿ ನೀರು 20 ನಿಮಿಷ ಹರಿಯಲಿ. ಊತ ಬರುವ ಮೊದಲೇ ಉಂಗುರ, ವಾಚು ತೆಗೆಯಿರಿ. ಚರ್ಮಕ್ಕೆ ಅಂಟಿದ ಬಟ್ಟೆಯನ್ನು ಎಳೆಯಬೇಡಿ, ಅದನ್ನು ವೈದ್ಯರು ತೆಗೆಯುತ್ತಾರೆ. ಬೊಬ್ಬೆ ಒಡೆಯಬೇಡಿ. ಶುಭ್ರವಾದ ಬಟ್ಟೆಯನ್ನು ಸಡಿಲವಾಗಿ ಹೊದಿಸಿ ಕರೆದೊಯ್ಯಿರಿ. ಗಾಯ ಸಣ್ಣದೆಂದು ಕಂಡರೂ ಕಣ್ಣು, ಕಿವಿ, ಉಸಿರಾಟ, ಹೃದಯ ಇವನ್ನು ವೈದ್ಯರಿಗೆ ತೋರಿಸಲೇಬೇಕು.

ಕೇಳುವುದು ಭಿಕ್ಷೆಯಲ್ಲ

ಖಾಲಾ ಅವರಿಗೆ ಮಿಲ್ಲಿನವರು ಮೊದಲ ದಿನ ಸ್ವಲ್ಪ ಹಣ ಕೊಟ್ಟು, "ಅವನದೇ ತಪ್ಪು, ಆದರೂ ಕೊಡುತ್ತಿದ್ದೇವೆ" ಎಂದರಂತೆ. ಖಾಲಾ ಕಣ್ಣೀರು ಹಾಕಿ ಕೈಮುಗಿದು ತೆಗೆದುಕೊಂಡರು. ಅದು ಅವರಿಗೆ ಬರಬೇಕಾದ ಹಕ್ಕು ಎಂದು ಹೇಳುವವರು ಅಲ್ಲಿ ಯಾರೂ ಇರಲಿಲ್ಲ.

ಕೆಲಸದ ಹೊತ್ತಿನಲ್ಲಿ, ಕೆಲಸದ ಕಾರಣಕ್ಕೆ ಗಾಯವಾದರೆ ಪರಿಹಾರ ಕೊಡಬೇಕೆಂಬ ಕಾನೂನು ನಮ್ಮಲ್ಲಿ 1923ರಿಂದ ಇದೆ. ಈಗ ಅದು 2020ರ ಸಾಮಾಜಿಕ ಭದ್ರತಾ ಸಂಹಿತೆಯೊಳಗೆ ಸೇರಿದೆ. ಆ ಸಂಹಿತೆ 2025ರ ನವೆಂಬರ್ 21ರಿಂದ ಜಾರಿಗೆ ಬಂದಿದೆ. ಹತ್ತು ಅಥವಾ ಹೆಚ್ಚು ಜನ ದುಡಿಯುವ ಕಡೆ ಇ.ಎಸ್.ಐ. ಬರುತ್ತದೆ. ಅದರಲ್ಲಿ ಚಿಕಿತ್ಸೆಯೂ ಇದೆ, ಗಾಯಗೊಂಡ ದಿನಗಳ ಭತ್ಯೆಯೂ ಇದೆ. ಇ.ಎಸ್.ಐ. ಇಲ್ಲದ ಸಣ್ಣ ಮಿಲ್ಲಿನಲ್ಲಿ ಪರಿಹಾರದ ಹೊಣೆ ಮಾಲೀಕರ ಮೇಲೆಯೇ ಬೀಳುತ್ತದೆ. ಅದೇ ದಿನ ಜಾರಿಗೆ ಬಂದ ಔದ್ಯೋಗಿಕ ಸುರಕ್ಷತಾ ಸಂಹಿತೆಯ ಪ್ರಕಾರ ಕೆಲಸಗಾರನಿಗೆ ನೇಮಕಾತಿ ಪತ್ರ ಕೊಡಬೇಕು. ಆ ಕಾಗದ ಇಲ್ಲದಿದ್ದರೆ "ಇವನು ನಮ್ಮಲ್ಲಿ ಕೆಲಸಕ್ಕೇ ಇರಲಿಲ್ಲ" ಎಂದು ಹೇಳುವುದು ಸುಲಭ. ನಿಮ್ಮ ಮನೆಯವರ ನೇಮಕಾತಿ ಪತ್ರ, ಸಂಬಳದ ಚೀಟಿ, ಇ.ಎಸ್.ಐ. ನಂಬರನ್ನು ಪಡಿತರ ಚೀಟಿಯ ಜೊತೆಗೇ ಜೋಪಾನವಾಗಿಡಿ.

ಇನ್ನೊಂದು ವಿಚಾರ. ಕರೆಂಟಿನಿಂದ ಜೀವಹಾನಿ ಅಥವಾ ಗಾಯವಾದರೆ ಅದನ್ನು ವಿದ್ಯುತ್ ಪರಿವೀಕ್ಷಕರಿಗೆ ತಿಳಿಸಬೇಕೆಂದು 2003ರ ವಿದ್ಯುತ್ ಕಾಯ್ದೆ ಹೇಳುತ್ತದೆ. ನಮ್ಮ ರಾಜ್ಯದಲ್ಲಿ ಇದಕ್ಕೆಂದೇ ವಿದ್ಯುತ್ ಪರಿವೀಕ್ಷಣಾಲಯ ಇಲಾಖೆ ಇದೆ. ವೈರಿಂಗ್ ಕೆಲಸಕ್ಕೆ ಪರವಾನಗಿ ಪಡೆದವರೇ ಬೇಕು ಎಂಬ ನಿಯಮವೂ ಇದೆ. ಹೆಲ್ಪರ್ ಹುಡುಗನ ಕೈಗೆ ಸ್ಕ್ರೂಡ್ರೈವರ್ ಕೊಟ್ಟು ಪ್ಯಾನಲ್ ತೆರೆಸುವುದು ಅವನ ತಪ್ಪಲ್ಲ, ತೆರೆಸಿದವರ ತಪ್ಪು.

ನಮ್ಮಲ್ಲೇ ಮಿಲ್ಲು, ಗಾಣ, ವರ್ಕ್‌ಶಾಪ್ ಇಟ್ಟುಕೊಂಡಿರುವ ಮನೆಗಳೂ ಇವೆ. ಆ ಮನೆಯ ಸಹೋದರಿಯರಿಗೆ ನನ್ನ ವಿನಂತಿ: ರಾತ್ರಿ ಊಟದ ಹೊತ್ತಿಗೆ ನಿಮ್ಮ ಯಜಮಾನರನ್ನು ಕೇಳಿ. "ನಮ್ಮ ಪ್ಯಾನಲ್ ಯಾರು ನೋಡುತ್ತಾರೆ? ಅವರಿಗೆ ಬೀಗ ಕೊಟ್ಟಿದ್ದೀರಾ? ಫ್ಯೂಸ್ ಜಾಗದಲ್ಲಿ ಏನು ಹಾಕಿದ್ದಾರೆ?" ಅರ್ಧ ಗಂಟೆ ಮಿಲ್ಲು ನಿಂತರೆ ಆಗುವ ನಷ್ಟವನ್ನು ನಾಳೆ ತುಂಬಿಕೊಳ್ಳಬಹುದು. ಇನ್ನೊಬ್ಬರ ಮಗನ ಕೈಯನ್ನು ಯಾವ ಲಾಭದಿಂದಲೂ ತುಂಬಿಕೊಡಲಾಗದು.

ತಖ್ದೀರ್ ಎನ್ನುವ ಮೊದಲು

ನೋಡಲು ಬಂದವರೆಲ್ಲ "ತಖ್ದೀರ್, ಏನು ಮಾಡೋಕಾಗುತ್ತೆ" ಎಂದು ಖಾಲಾ ಅವರನ್ನು ಸಮಾಧಾನ ಮಾಡುತ್ತಿದ್ದರು. ತಾಯಿಯ ನೋವಿಗೆ ಅದು ಸಾಂತ್ವನವಾದರೆ ಆಗಲಿ. ಆದರೆ ಒಂಟೆಯನ್ನು ಕಟ್ಟಿದ ಮೇಲೆಯೇ ತವಕ್ಕುಲ್ ಎಂದು ಮಕ್ಕಳಿಗೆ ಹೇಳಿಕೊಡುವವರು ನಾವೇ ಅಲ್ಲವೇ? ಆಫ್ ಮಾಡದ ಮೇನ್ ಸ್ವಿಚ್ಚು, ಫ್ಯೂಸ್ ಜಾಗದಲ್ಲಿ ಸುತ್ತಿದ ತಂತಿ, ಬಾಗಿಲು ಮುಚ್ಚದ ಪ್ಯಾನಲ್ಲು, ಇವು ಮನುಷ್ಯರು ಮಾಡಿದ್ದು. ಮನುಷ್ಯರೇ ಸರಿಪಡಿಸಬಹುದು.

ಹುಡುಗ ಬೆಂಗಳೂರಿನ ಆಸ್ಪತ್ರೆಯಿಂದ ಎರಡು ತಿಂಗಳ ಮೇಲೆ ಮನೆಗೆ ಬಂದ. ಕಣ್ಣು ಉಳಿಯಿತು, ಅಲ್ಹಮ್ದುಲಿಲ್ಲಾಹ್. ಬಲಗೈಯ ಎರಡು ಬೆರಳು ಪೂರ್ತಿ ಮಡಚುವುದಿಲ್ಲ. ಈಗ ಒಂದು ಕೊಬ್ಬರಿ ಮಂಡಿಯಲ್ಲಿ ಲೆಕ್ಕ ಬರೆಯುತ್ತಾನೆ. ಪೆನ್ನನ್ನು ಎಡಗೈಯಲ್ಲಿ ಹಿಡಿಯಲು ಕಲಿತಿದ್ದಾನೆ. ಅವನ ತಮ್ಮ ಐ.ಟಿ.ಐ.ಯಲ್ಲಿ ಎಲೆಕ್ಟ್ರಿಷಿಯನ್ ಓದುತ್ತಿದ್ದಾನೆ. "ಬೇಡ ಅನ್ನಲಾ ಅಂತ ಯೋಚಿಸಿದೆ, ಬೇಟಿ" ಎಂದರು ಖಾಲಾ. "ಆದರೆ ಯಾರೋ ಒಬ್ಬರು ಆ ಕೆಲಸ ಮಾಡಲೇಬೇಕಲ್ಲ. ಸರಿಯಾಗಿ ಕಲಿತು ಮಾಡಲಿ."

ಹೋದ ವಾರ ಅವರ ಮನೆಗೆ ಹೋದಾಗ ಕಿರಿಯವನಿಗೆಂದು ಎರಡು ದಪ್ಪ ಹತ್ತಿ ಅಂಗಿ ಹೊಲಿಸಿಟ್ಟಿದ್ದರು. ಪಕ್ಕದಲ್ಲಿ ಒಂದು ಹೊಸ ಬೀಗವೂ ಇತ್ತು. ಕೀಲಿಗೆ ಕೆಂಪು ದಾರ ಕಟ್ಟಿದ್ದರು.

ಸಹೋದರಿಯರೇ, ನಿಮ್ಮ ಮನೆಯಲ್ಲಿ ಕರೆಂಟಿನ ಕೆಲಸಕ್ಕೆ ಹೋಗುವವರು ಇದ್ದರೆ ನಾಳೆ ಬುತ್ತಿ ಕಟ್ಟುವಾಗ ಒಂದು ಮಾತು ಕೇಳಿ: "ಕೈ ಹಾಕುವ ಮೊದಲು ಆಫ್ ಮಾಡುತ್ತೀರಲ್ಲ?" ಅವರು ನಕ್ಕರೂ ಪರವಾಗಿಲ್ಲ. ನಾಡಿದ್ದೂ ಕೇಳಿ.